ಎರಡು ಬಿಳಿ ಪ್ಲಗ್ಗುಗಳು

ಆಗ ನನಗೆ ಅರವತ್ತೆಂಟು. ಏಳು ವರ್ಷದ ಹಿಂದಿನ ಮಾತು. ಇಂಗ್ಲೆಂಡಿನ ಟಿಪ್ಟನ್‌ನಲ್ಲಿ ಕಾಲುವೆ ಪಕ್ಕದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ನನ್ನ ಗ್ಯಾರೇಜು. ಗಂಡ ಇಟ್ಟದ್ದು, ಅವನು ಸತ್ತ ಮೇಲೆ ನಾನು ನಡೆಸಿದ್ದು. ನನ್ನ ಓದು ನಾಲ್ಕನೇ ಇಯತ್ತೆಗೆ ನಿಂತಿತ್ತು. ಇಂಗ್ಲಿಷು ಗಿರಾಕಿ ಹತ್ತಿರ ಮಾತಾಡುವಷ್ಟು ಬರುತ್ತಿತ್ತು, ಅದೂ ಮುರುಕು. ಆದರೆ ಸ್ಪಾರ್ಕ್ ಪ್ಲಗ್ ಓದಲು ಬರುತ್ತಿತ್ತು. ಪ್ಲಗ್ಗಿನ ತುದಿ ಬಿಸ್ಕತ್ತಿನ ಬಣ್ಣಕ್ಕಿದ್ದರೆ ಇಂಜಿನ್ ಸರಿಯಾಗಿದೆ. ಕಪ್ಪಾಗಿದ್ದರೆ ಪೆಟ್ರೋಲ್ ಹೆಚ್ಚು. ಸುಣ್ಣದ ಹಾಗೆ ಬಿಳಿಯಾಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ಆ ಸಿಲಿಂಡರ್ ಒಳಗೊಳಗೇ ಬೇಯುತ್ತಿದೆ. ಹುಬ್ಬಳ್ಳಿಯಲ್ಲಿ ಗಂಡನಿಗೆ ಸ್ಕೂಟರ್ ಗ್ಯಾರೇಜ್ ಇದ್ದಾಗ ಪ್ಲಗ್ ತಿಕ್ಕುತ್ತ, ಕಾರ್ಬೊರೇಟರ್ ತೊಳೆಯುತ್ತ ಕಲಿತದ್ದು ಇಷ್ಟು.

ನನ್ನ ಹತ್ತಿರ ಒಬ್ಬ ಮಿಸ್ತ್ರಿ ಇದ್ದ. ಹುಬ್ಬಳ್ಳಿಯವನೇ, ಮುಸಲ್ಮಾನ, ಐವತ್ತೈದರ ಆಸುಪಾಸು. ಹತ್ತೊಂಬತ್ತು ವರ್ಷ ನನ್ನಲ್ಲೇ ದುಡಿದವನು. ಎಸ್ಟೇಟಿನ ಉಳಿದ ಗ್ಯಾರೇಜಿನವರು ತಮಗೆ ತಿಳಿಯದ ಇಂಜಿನ್ ಬಂದರೆ ಅವನನ್ನು ಕರೆದುಕೊಂಡು ಹೋಗುತ್ತಿದ್ದರು. ಆ ವರ್ಷ ಅವನ ಎಡಗಣ್ಣಿಗೆ ಸಕ್ಕರೆ ಕಾಯಿಲೆ ಇಳಿದಿತ್ತು. ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಿ ಕಣ್ಣಿಗೇ ಇಂಜೆಕ್ಷನ್ ಹಾಕಿಸಿಕೊಂಡು ಬರುತ್ತಿದ್ದ. ಇದು ಅವನ ಹೆಂಡತಿಯನ್ನು ಬಿಟ್ಟರೆ ನನಗೊಬ್ಬಳಿಗೆ ಗೊತ್ತು.

"ಅಕ್ಕಾರ, ಯಾರ ಮುಂದೂ ಅನ್ನಬ್ಯಾಡ್ರಿ" ಎಂದಿದ್ದ. "ಮಿಸ್ತ್ರಿ ಕಣ್ಣು ಹೋಗ್ಯಾವ ಅಂತ ಒಮ್ಮೆ ಬಾಯಿಗೆ ಬಿತ್ತಂದ್ರ ಮುಗೀತು. ಇಂಜಿನ್ ಹಂತ್ಯಾಕ ಯಾರೂ ಬಿಟ್ಟುಕೊಳ್ಳಂಗಿಲ್ಲ."

"ಅನ್ನಂಗಿಲ್ಲ ಹೋಗೋ" ಎಂದಿದ್ದೆ.

ಆ ಬೇಸಿಗೆಯಲ್ಲಿ ಒಬ್ಬ ಇಂಜಿನಿಯರ್ ಬಂದ. ಬೆಂಗಳೂರಿನವನು, ಇಲ್ಲಿ ಕಾರ್ ಕಂಪನಿಯೊಂದರಲ್ಲಿ ಕಂಪ್ಯೂಟರ್ ಮುಂದೆ ಕೂರುವ ಕೆಲಸ. ಹವ್ಯಾಸಕ್ಕೆ ಡ್ರ್ಯಾಗ್ ಕಾರ್ ಇಟ್ಟುಕೊಂಡಿದ್ದ. ಎಂಟು ಸಿಲಿಂಡರಿನ ಹಳೇ ಅಮೆರಿಕದ ಇಂಜಿನ್ನು. ಕಾಲು ಮೈಲಿ ನೆಟ್ಟಗೆ ಓಡಿಸುವುದು, ಅಷ್ಟೇ ಆಟ. ಅದಕ್ಕೆ ಇನ್ನಷ್ಟು ಜೋರು ಬರಲಿ ಎಂದು ಯಾರೋ ಬಿಚ್ಚಿ ಮಾರಿದ ನೈಟ್ರಸ್ ಕಿಟ್ ಒಂದನ್ನು ತಂದಿದ್ದ. ನೈಟ್ರಸ್ ಎಂದರೆ ಸಿಲಿಂಡರಿಗೆ ಊದುವ ಗ್ಯಾಸು. ಅದು ಹೋದರೆ ಒಳಗೆ ಹೆಚ್ಚು ಪೆಟ್ರೋಲ್ ಉರಿಯುತ್ತದೆ, ಇಂಜಿನ್ ಹಾರುತ್ತದೆ. ಗ್ಯಾಸಿನ ಜೊತೆಗೆ ಅದಕ್ಕೆ ತಕ್ಕ ಪೆಟ್ರೋಲೂ ಹೋಗಬೇಕು. ಅದಕ್ಕಾಗಿ ಒಂದೊಂದು ಸಿಲಿಂಡರಿಗೂ ಎರಡೆರಡು ಹಿತ್ತಾಳೆ ಜೆಟ್ಟು, ಒಂದು ಗ್ಯಾಸಿಗೆ, ಒಂದು ಪೆಟ್ರೋಲಿಗೆ. ಜೆಟ್ ಎಂದರೆ ನಡುವೆ ಸಣ್ಣ ತೂತಿರುವ ಹಿತ್ತಾಳೆ ಗುಂಡಿ. ತೂತು ಎಷ್ಟು ದೊಡ್ಡದು ಎಂಬ ನಂಬರನ್ನು ಮೈಮೇಲೆ ಕೆತ್ತಿರುತ್ತಾರೆ. ಇವನ ಗ್ಯಾಸ್ ಜೆಟ್ ಎಂಟಕ್ಕೂ ಇಪ್ಪತ್ತೆರಡು ಎಂದು ಕೆತ್ತಿತ್ತು.

ಕಿಟ್ ಕೂಡಿಸುವ ದಿನ ಮಿಸ್ತ್ರಿಗೆ ಆಸ್ಪತ್ರೆ ಇತ್ತು. ಜೆಟ್ಟುಗಳನ್ನು ನಾನೇ ತೊಳೆದೆ. ಬೆಳಕಿಗೆ ಹಿಡಿದು ನೋಡಿದರೆ ಎರಡು ಗ್ಯಾಸ್ ಜೆಟ್ಟಿನಲ್ಲಿ ಹಳೇ ಗಮ್ಮು, ಒಣಗಿದ ಅಂಟು, ಕಟ್ಟಿಕೊಂಡಿತ್ತು. ಪೆಟ್ರೋಲಿನಲ್ಲಿ ನೆನೆಹಾಕಿ ಬಿಟ್ಟರೆ ಮರುದಿನಕ್ಕೆ ಬಿಡುತ್ತಿತ್ತು. ನನಗೆ ಅಷ್ಟು ತಾಳ್ಮೆ ಇಲ್ಲ. ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದು, ಬಿಚ್ಚಿ, ತೂತಿಗೆ ಚುಚ್ಚಿ ತಿರುವಿದೆ. ಗಮ್ಮು ಬಂತು. ಆ ಎರಡು ಮೂರನೇ ಸಿಲಿಂಡರಿಗೂ ಆರನೇ ಸಿಲಿಂಡರಿಗೂ ಹೋದವು.

ಪಿನ್ನಿನ ವಿಷಯಕ್ಕೆ ಮಿಸ್ತ್ರಿಗೂ ನನಗೂ ಹಿಂದೆ ಜಗಳವಾಗಿತ್ತು. "ಹಿತ್ತಾಳಿ ಮೆತ್ತಗಿರ್ತದ್ರಿ, ಪಿನ್ನು ಉಕ್ಕಿಂದು. ತೂತು ಅಗಲ ಆಗ್ತದ" ಎನ್ನುತ್ತಿದ್ದ. "ಹುಬ್ಬಳ್ಳ್ಯಾಗ ಅರ್ಧ ಊರಿನ ಸ್ಕೂಟರು ನನ್ನ ಪಿನ್ನಿನ ಮ್ಯಾಲೇ ನಡದಾವ, ನೀ ನನಗ ಕಲಸಬ್ಯಾಡ" ಎನ್ನುತ್ತಿದ್ದೆ. ಸ್ಕೂಟರಿಗೆ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಲೆಕ್ಕವಿಲ್ಲ. ಈ ಗ್ಯಾಸು ಬಾಟಲಿಯಿಂದ ಎಂಥ ಒತ್ತಡದಲ್ಲಿ ಬರುತ್ತದೆ ಎಂಬುದನ್ನು ನಾನು ಯೋಚಿಸಲಿಲ್ಲ.

ಓಟದ ಪಟ್ಟಿ ಒಂದು ಹಳೇ ವಿಮಾನ ನಿಲ್ದಾಣದಲ್ಲಿ. ಮೊದಲ ಸಲ ಗ್ಯಾಸಿಲ್ಲದೆ ಓಡಿಸಿದ, ಚೆನ್ನಾಗಿ ಹೋಯಿತು. ಎರಡನೇ ಸಲ ಗ್ಯಾಸಿನ ಬಟನ್ ಒತ್ತಿದ. ಅರ್ಧ ದಾರಿಗೆ ಬಾಂಬ್ ಹಾಕಿದ ಹಾಗೆ ಸದ್ದಾಯಿತು. ಬಾನೆಟ್ ಮೇಲೆ ಗಾಳಿ ಎಳೆಯಲು ಇಟ್ಟಿದ್ದ ಡಬ್ಬಿಯ ಮುಚ್ಚಳ ಮೇಲೆ ಹಾರಿ ಹುಲ್ಲಿನಲ್ಲಿ ಬಿತ್ತು. ಬೆಂಕಿ ಸಿಲಿಂಡರಿನಿಂದ ಹಿಂದಕ್ಕೆ ಸಿಡಿದು ಗಾಳಿ ಒಳಬರುವ ದಾರಿಯಲ್ಲೇ ಹೊರಬಂದಿತ್ತು. ಪೆಟ್ರೋಲ್ ಸಾಲದ ಸಿಲಿಂಡರಿನಲ್ಲಿ ಬೆಂಕಿ ನಿಧಾನ ಉರಿಯುತ್ತದೆ. ಮುಂದಿನ ಸಲ ಗಾಳಿ ಒಳಬಿಡುವ ವಾಲ್ವ್ ತೆರೆಯುವಾಗಲೂ ಅದು ಆರಿರುವುದಿಲ್ಲ. ಹೊಸದಾಗಿ ಬರುವ ಗಾಳಿ, ಪೆಟ್ರೋಲಿಗೆ ಅದೇ ಹತ್ತಿಕೊಳ್ಳುತ್ತದೆ.

ಅಲ್ಲೇ ಎಂಟೂ ಪ್ಲಗ್ ಬಿಚ್ಚಿ ಮೊಟ್ಟೆ ಟ್ರೇಯಲ್ಲಿ ಸಾಲಾಗಿ ಇಟ್ಟೆವು. ಆರು ಬಿಸ್ಕತ್ತಿನ ಬಣ್ಣ. ಮೂರನೆಯದೂ ಆರನೆಯದೂ ಸುಣ್ಣ. ಮೂರನೆಯದರ ಮೇಲೆ ಸಾಸಿವೆಗಿಂತ ಸಣ್ಣ ಬೂದು ಚುಕ್ಕೆಗಳು. ಪಿಸ್ಟನ್ನಿನ ಅಲ್ಯುಮಿನಿಯಂ ಕರಗಲು ಶುರುವಾಗಿತ್ತು.

"ಅಂದ್ರೆ ಏನು ಆಂಟಿ?" ಎಂದ ಇಂಜಿನಿಯರ್.

"ಅಂದ್ರೆ ಇನ್ನೊಂದು ಸಲ ಒತ್ತಿದ್ರೆ ಪಿಸ್ಟನ್ ಇರಲ್ಲಪ್ಪ."

ಗ್ಯಾರೇಜಿಗೆ ತಂದು ಒಂದು ವಾರ ಹುಡುಕಿದೆವು. ಮಿಸ್ತ್ರಿ ಮೊದಲು ಪ್ಲಗ್ಗಿನ ತಂತಿಗಳನ್ನು ನೋಡಿದ. ಎರಡು ತಂತಿ ಒಂದಕ್ಕೊಂದು ಅಂಟಿಕೊಂಡು ಹಾದುಹೋಗಿದ್ದವು. ಹಾಗಿದ್ದರೆ ಒಂದರ ಕಿಡಿ ಇನ್ನೊಂದಕ್ಕೆ ಹಾರುವುದುಂಟು. ಬೇರೆ ಮಾಡಿ ಕಟ್ಟಿದ. ಆಮೇಲೆ ಪೆಟ್ರೋಲ್ ಬಿಡುವ ಸೊಲೆನಾಯ್ಡ್‌ಗೆ ಮೀಟರ್ ಹಚ್ಚಿದ. ಕರೆಂಟ್ ಕಡಿಮೆ ಬರುತ್ತಿತ್ತು, ಅರ್ಥ್ ತಂತಿ ತುಕ್ಕು ಹಿಡಿದಿತ್ತು. ಹೊಸದು ಹಾಕಿದ. ಸಿಕ್ಕಿತು ಎಂದುಕೊಂಡು ಚಹಾ ಕುಡಿದೆವು. ಓಲ್ಡ್‌ಬರಿಯಲ್ಲಿ ಕಾರನ್ನು ರೋಲರ್ ಮೇಲೆ ನಿಲ್ಲಿಸಿ ಓಡಿಸಿ ನೋಡುವ ಜಾಗ ಒಂದಿದೆ. ಅಲ್ಲಿಗೆ ಒಯ್ದು ಎರಡೇ ಸೆಕೆಂಡು ಗ್ಯಾಸ್ ಕೊಟ್ಟು, ಇಂಜಿನ್ ನಿಲ್ಲಿಸಿ, ಪ್ಲಗ್ ಬಿಚ್ಚಿದೆವು. ಮತ್ತೆ ಮೂರು, ಆರು ಬಿಳಿ.

ಗಾಳಿ ಒಳಬರುವ ಇಂಟೇಕಿನ ಗ್ಯಾಸ್ಕೆಟ್ಟಿನಲ್ಲಿ ಗಾಳಿ ಸೋರುತ್ತಿದೆಯೇ ಎಂದು ಇಂಜಿನ್ ಚಾಲೂ ಇಟ್ಟು ಸುತ್ತ ಸ್ಪ್ರೇ ಹೊಡೆದೆವು. ಸೋರಿಕೆ ಇಲ್ಲ. ಸಿಲಿಂಡರುಗಳಿಗೆ ಗಾಳಿ ತುಂಬಿ ವಾಲ್ವ್ ನೋಡಿದೆವು. ಎಲ್ಲ ಗಟ್ಟಿ. ಕೊನೆಗೆ ನಾನು ಮನೆಯಿಂದ ಎಂಟು ಉಪ್ಪಿನಕಾಯಿ ಬಾಟಲಿ ತೊಳೆದು ತಂದೆ. ಎಂಟೂ ಪೆಟ್ರೋಲ್ ನಳಿಕೆಗಳನ್ನು ಬಿಚ್ಚಿ ಬಾಟಲಿಗಳಿಗೆ ಇಳಿಬಿಟ್ಟು ಪಂಪ್ ಹಾಕಿದೆವು. ನಿಲ್ಲಿಸಿ ನೋಡಿದರೆ ಎಂಟರಲ್ಲೂ ಒಂದೇ ಮಟ್ಟ. ಮಿಸ್ತ್ರಿ ಬಗ್ಗಿ, ಬಲಗಣ್ಣನ್ನು ಬಾಟಲಿಗಳ ಸಾಲಿಗೆ ಹೊಂದಿಸಿ, ಬಹಳ ಹೊತ್ತು ನೋಡಿದ.

"ಪೆಟ್ರೋಲ್ ಸರಿ ಅದ ಅಂದ್ರ, ಗ್ಯಾಸ್ ಜಾಸ್ತಿ ಹೊಂಟದ" ಎಂದ. "ಗ್ಯಾಸ್ ಜೆಟ್ ಯಾರ ತೊಳದಾರ್ರಿ ಅಕ್ಕಾರ?"

"ಯಾರೂ ಇಲ್ಲೋ. ಬಂದಂಗ ಹಾಕೇನಿ."

ಅದು ಸುಳ್ಳು. ಆ ಕ್ಷಣದಲ್ಲಿ ಪಿನ್ನು ನೆನಪಾಯಿತು. ಪಿನ್ನಿನಿಂದ ಇಷ್ಟೆಲ್ಲ ಆಗಲಾರದು ಎಂದೂ ಅನ್ನಿಸಿತು. ಅದಕ್ಕಿಂತ ಹೆಚ್ಚಾಗಿ, ಇವನ ಮಾತು ಸರಿ ಎಂದು ಒಪ್ಪುವುದು ಬೇಕಿರಲಿಲ್ಲ. ಇಂಜಿನಿಯರ್ ಬೇರೆ ಪಕ್ಕದಲ್ಲೇ ನಿಂತಿದ್ದ.

"ಗೇಜ್ ಕೊಡ್ರಿ, ಒಂದ್ಸಲ ಹಾಕಿ ನೋಡ್ತೀನಿ."

ತೂತು ಅಳೆಯುವ ಕಡ್ಡಿಗಳ ಪೆಟ್ಟಿಗೆ ನನ್ನ ಕಪಾಟಿನಲ್ಲಿ ಇರುತ್ತಿತ್ತು, ಕೀಲಿ ನನ್ನ ಸೊಂಟದಲ್ಲಿ. "ಇಪ್ಪತ್ತೆರಡು ಅಂತ ಕೆತ್ತ್ಯಾರಲ್ಲ. ಅದೂ ಕಾಣವಲ್ದೇನ ನಿನಗ?" ಎಂದೆ.

ಅವನು ನನ್ನ ಮುಖ ನೋಡಿದ. "ಕೆತ್ತಿದ್ದು ಹೊರಗ ಅದ. ತೂತು ಒಳಗ ಅದ."

ಕೀಲಿ ಕೊಡಲಿಲ್ಲ.

ಭಾನುವಾರ ಆ ವರ್ಷದ ಕಡೆಯ ಓಟ. ಇಂಜಿನಿಯರಿಗೆ ಅವಸರ. ಆ ಎರಡು ಸಿಲಿಂಡರಿಗೆ ಒಂದು ಸೈಜ್ ದೊಡ್ಡ ಪೆಟ್ರೋಲ್ ಜೆಟ್ ಹಾಕಿ ಕಳಿಸೋಣ ಎಂದು ನಾನು ತೀರ್ಮಾನಿಸಿದೆ. ಮಿಸ್ತ್ರಿ ಬೇಡವೆಂದ.

"ರೋಗ ಯಾವದಂತ ಗೊತ್ತಿಲ್ಲದ ಔಷಧ ಕೊಟ್ಟಂಗಾತು. ನಕೋ ಅಕ್ಕಾರ. ಕಾರು ನಿಲ್ಲಸ್ರಿ. ಇಲ್ಲಾ ಗ್ಯಾಸ್ ಬಿಟ್ಟು ಓಡಸ್ಲಿ."

"ಗ್ಯಾಸ್ ಇಲ್ದೆ ಓಡಿಸೋಕೆ ನಾನ್ಯಾಕೆ ಅಲ್ಲಿಗೆ ಹೋಗ್ಲಿ? ಬಸ್ಸಲ್ಲೇ ಹೋಗ್ಬಹುದಲ್ಲ" ಎಂದು ಇಂಜಿನಿಯರ್ ನಕ್ಕ. ನಾನೂ ನಕ್ಕೆ.

ಭಾನುವಾರ ಪಟ್ಟಿಯ ಬದಿಗೆ ಸಾಕಷ್ಟು ಜನ ಸೇರಿತ್ತು. ನಮ್ಮ ಎಸ್ಟೇಟಿನ ನಾಲ್ಕು ಗ್ಯಾರೇಜಿನವರೂ ಬಂದಿದ್ದರು. ಹಸಿರು ದೀಪ ಬಿತ್ತು. ಕಾರು ಎಗರಿತು. ಮೂರು ಸೆಕೆಂಡೂ ಆಗಿರಲಿಲ್ಲ. ಈ ಸಲದ ಸದ್ದು ಮೊದಲಿನದಕ್ಕಿಂತ ಜೋರು. ಇಂಟೇಕ್ ಒಡೆದು ಬಾನೆಟ್ ಮೇಲೆ ಬೆಂಕಿ ಎದ್ದಿತು. ಇಂಜಿನಿಯರ್ ಕಾರು ನಿಲ್ಲಿಸಿ ಹೊರಗೆ ಬಿದ್ದ, ಅವನಿಗೆ ಏನೂ ಆಗಲಿಲ್ಲ. ಬೆಂಕಿ ಆರಿಸುವವರು ಬರುವ ಮೊದಲು ಮಿಸ್ತ್ರಿ ಓಡಿದ್ದ. ಉರಿಯುತ್ತಿದ್ದ ಗಾಳಿ ಡಬ್ಬಿಯನ್ನು ಬರಿಗೈಯಲ್ಲಿ ಕಿತ್ತು ಎಸೆದ. ಪೆಟ್ರೋಲ್ ಪೈಪಿಗೆ ಬೆಂಕಿ ಹತ್ತದಿದ್ದದ್ದು ಅದಕ್ಕೇ. ಅವನ ಬಲ ಅಂಗೈ ಚರ್ಮ ಡಬ್ಬಿಯ ಜೊತೆ ಹೋಯಿತು.

ಕಾರನ್ನು ತಳ್ಳಿ ತಂದರು. ಮೂರನೇ ಪ್ಲಗ್ ಬಿಚ್ಚಿದರೆ ತುದಿಯೇ ಇರಲಿಲ್ಲ. ತೂತಿಗೆ ಟಾರ್ಚ್ ಹಿಡಿದರೆ ಪಿಸ್ಟನ್ನಿನಲ್ಲಿ ಇನ್ನೊಂದು ತೂತು ಕಂಡಿತು.

ಇಂಜಿನಿಯರ್ ಇಂಗ್ಲಿಷಿನಲ್ಲಿ ಕೂಗಾಡಿದ. ಯಾರು ಇದನ್ನು ಸೆಟ್ ಮಾಡಿದ್ದು, ಯಾರ ತಪ್ಪು, ಹೇಳಿ, ನಾನು ಸತ್ತೇ ಹೋಗುತ್ತಿದ್ದೆ ಎಂದ. ಜನ ಸುತ್ತ ನಿಂತಿತ್ತು. ಮಿಸ್ತ್ರಿ ಬಕೆಟ್ ನೀರಿನಲ್ಲಿ ಕೈ ಅದ್ದಿಕೊಂಡು ಕುಕ್ಕರಗಾಲಿನಲ್ಲಿ ಕೂತಿದ್ದ. ಎಲ್ಲರೂ ನನ್ನ ಕಡೆ ನೋಡಿದರು. ಗ್ಯಾರೇಜಿನ ಹೆಸರು ನನ್ನದು.

ನಾನು ಬೆರಳು ತೋರಿಸಿ ಎಲ್ಲರಿಗೂ ತಿಳಿಯುವ ಭಾಷೆಯಲ್ಲಿ, ಗಟ್ಟಿಯಾಗಿ ಹೇಳಿದೆ: "ಹಿಸ್ ಐ ಫಿನಿಶ್. ಲೆಫ್ಟ್ ಐ. ಹಿ ಕೆನಾಟ್ ಸೀ ದ ಜೆಟ್ ನಂಬರ್. ಹಿ ಹೈಡ್ ಇಟ್."

ಯಾರೋ ಸಿಳ್ಳು ಹೊಡೆದರು. ಇಂಜಿನಿಯರ್ ಅವನತ್ತ ತಿರುಗಿ, ನಿನ್ನಂಥವನು ಸ್ಪ್ಯಾನರ್ ಮುಟ್ಟಬಾರದು ಎಂದ. ಮಿಸ್ತ್ರಿ ನೀರಿನಿಂದ ಕೈ ತೆಗೆಯಲಿಲ್ಲ. ನನ್ನತ್ತ ನೋಡಿ "ಅಕ್ಕಾರ" ಎಂದ. ಅಷ್ಟೇ.

ಸೋಮವಾರ ಬರಬೇಡ ಎಂದು ಫೋನಿನಲ್ಲಿ ಹೇಳಿದೆ. ಅವನ ಹೆಂಡತಿ ಬಂದು ಹತ್ಯಾರದ ಪೆಟ್ಟಿಗೆ ಒಯ್ದಳು. ಕೈ ಸ್ವಲ್ಪ ಮಾಯ್ದ ಮೇಲೆ ಅವನು ಎಸ್ಟೇಟಿನ ನಾಲ್ಕೂ ಗ್ಯಾರೇಜಿಗೆ ಹೋಗಿ ಕೇಳಿದನಂತೆ. ಎಲ್ಲರೂ ಚೆನ್ನಾಗಿ ಮಾತಾಡಿಸಿ ಕಳಿಸಿದರಂತೆ. ಕೊನೆಗೆ ಗೇಟಿನ ಹತ್ತಿರದ ಟೈರ್ ಅಂಗಡಿಯವನು ಇಟ್ಟುಕೊಂಡ. ಚಕ್ರ ಬಿಚ್ಚುವುದು, ಟೈರ್ ಬದಲಿಸುವುದು, ಚಕ್ರ ಹಾಕುವುದು. ನಾನು ಗ್ಯಾರೇಜಿಗೆ ಹೋಗುವಾಗ ಬರುವಾಗ ಕಾಣುತ್ತಿದ್ದ. ಕೈಗೆ ಬಟ್ಟೆ ಸುತ್ತಿಕೊಂಡು ಟೈರ್ ಉರುಳಿಸುತ್ತಿದ್ದ. ನಾನು ನೋಡುತ್ತಿರಲಿಲ್ಲ.

ಇಂಜಿನ್ ಬಿಚ್ಚಿ ಮತ್ತೆ ಕಟ್ಟಲು ನನಗೊಬ್ಬಳಿಗೆ ಐದು ವಾರ ಹಿಡಿಯಿತು. ಮೊಣಕಾಲು ಬಾತವು. ಹೊಸ ಪಿಸ್ಟನ್, ಹೊಸ ಇಂಟೇಕ್, ಹೊಸ ಪ್ಲಗ್. ಪೆಟ್ರೋಲಿಗೆ ಮೊದಲಿನ ಸೈಜಿನ ಜೆಟ್ಟೇ ಹಾಕಿ, ಹಳೇ ಗ್ಯಾಸ್ ಜೆಟ್ಟುಗಳನ್ನು ಎಲ್ಲಿದ್ದವೋ ಅಲ್ಲೇ ಹಾಕಿದೆ. ಯಾಕೆ ಎಂದರೆ, ಅವು ಸರಿ ಇವೆ ಎಂದು ನನಗೆ ನಾನೇ ತೋರಿಸಿಕೊಳ್ಳಬೇಕಿತ್ತು. ಓಲ್ಡ್‌ಬರಿಯ ರೋಲರಿಗೆ ಒಯ್ದು ಒಂದೇ ಸೆಕೆಂಡು ಗ್ಯಾಸ್ ಕೊಡಿಸಿದೆ. ಮೂರು, ಆರು ಬೆಳ್ಳಗಾಗತೊಡಗಿದ್ದವು.

ಆಗ ಮಿಸ್ತ್ರಿ ಅನುಮಾನಪಟ್ಟದ್ದನ್ನೇ ಪರೀಕ್ಷಿಸಿದೆ. ಮೂರನೆಯದರ ಗ್ಯಾಸ್ ಜೆಟ್ ಬಿಚ್ಚಿ ನಾಲ್ಕಕ್ಕೆ ಹಾಕಿದೆ, ನಾಲ್ಕರದ್ದನ್ನು ಮೂರಕ್ಕೆ. ಹೊಸ ಪ್ಲಗ್ ಹಾಕಿ ಮತ್ತೆ ಒಂದು ಸೆಕೆಂಡು. ಈಗ ನಾಲ್ಕನೇ ಪ್ಲಗ್ ಬಿಳಿ. ಮೂರನೆಯದು ಬಿಸ್ಕತ್ತು. ರೋಗ ಜೆಟ್ಟಿನ ಜೊತೆಗೇ ನಡೆದು ಹೋಗಿತ್ತು.

ಗ್ಯಾರೇಜಿಗೆ ಬಂದು ಕಪಾಟಿನ ಕೀಲಿ ತೆಗೆದೆ. ಇಪ್ಪತ್ತೆರಡರ ಕಡ್ಡಿ ಆ ಎರಡೂ ಜೆಟ್ಟುಗಳಲ್ಲಿ ಸಡಿಲವಾಗಿ ಆಡಿತು. ಇಪ್ಪತ್ಮೂರು ಹೋಯಿತು. ಇಪ್ಪತ್ನಾಲ್ಕೂ ಹೋಯಿತು. ಉಳಿದ ಆರರಲ್ಲಿ ಇಪ್ಪತ್ಮೂರು ಬಾಯಲ್ಲೇ ನಿಂತಿತು. ಹಾಳಾಗದ ಒಂದು ಜೆಟ್ಟಿಗೆ ಬಳೆಯ ಪಿನ್ನು ಚುಚ್ಚಿ ಒಂದು ಸುತ್ತು ತಿರುವಿ ತೆಗೆದೆ. ಪಿನ್ನಿನ ತುದಿಗೆ ಹಳದಿ ಹಿತ್ತಾಳೆ ಪುಡಿ ಹತ್ತಿಕೊಂಡು ಬಂತು. ಇಪ್ಪತ್ಮೂರರ ಕಡ್ಡಿ ಈಗ ಆ ಜೆಟ್ಟಿನಲ್ಲೂ ಹೋಯಿತು.

ನೋಡಿದವರು ಯಾರೂ ಇರಲಿಲ್ಲ. ಜೆಟ್ಟುಗಳನ್ನು ಕಸದ ಡಬ್ಬಿಗೆ ಹಾಕಿ ಹೊಸದು ತರಿಸಿದರೆ ಮುಗಿಯುತ್ತಿತ್ತು. ಅವನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಮೇಜಿನ ಮೇಲಿಟ್ಟು ಕೂತೆ.

ಅದು ಶುಕ್ರವಾರ. ಸಂಜೆ ಐದಕ್ಕೆ ಇಂಜಿನಿಯರ್ ಬಂದ. ಟಿವಿಡೇಲ್ ಬಾಲಾಜಿ ಗುಡಿಗೆ ಹೋಗಿ ಬಂದಿದ್ದ, ಹಣೆಯಲ್ಲಿ ಕುಂಕುಮ, ಕೈಯಲ್ಲಿ ಲಡ್ಡು ಪೊಟ್ಟಣ. "ಪ್ರಸಾದ ತಗೊಳ್ಳಿ ಆಂಟಿ" ಎಂದ. ನಾನು ಜೆಟ್ಟು ತೋರಿಸಿದೆ. ಯಾರು ಚುಚ್ಚಿದ್ದು ಎಂದೂ ಹೇಳಿದೆ. ಬೈಯುತ್ತಾನೆ, ಕಾರು ಎಳೆದುಕೊಂಡು ಹೋಗುತ್ತಾನೆ ಎಂದುಕೊಂಡಿದ್ದೆ. ಅವನು ಜೆಟ್ಟನ್ನು ಬೆಳಕಿಗೆ ಹಿಡಿದು ನೋಡಿದ. ಫೋನಿನಲ್ಲಿ ಫೋಟೋ ತೆಗೆದ.

"ವಾವ್. ಎರಡು ಥೌಗೆ ಇಷ್ಟೆಲ್ಲಾನಾ?" ಎಂದ. ಥೌ ಎಂದರೆ ಇಂಚಿನ ಸಾವಿರ ಪಾಲಿನಲ್ಲಿ ಒಂದು. "ಸರಿ, ಹೊಸದು ಆರ್ಡರ್ ಮಾಡಿ. ಪ್ರಾಬ್ಲಮ್ ಗೊತ್ತಾಯ್ತಲ್ಲ, ಅದೇ ಮುಖ್ಯ."

"ಮಿಸ್ತ್ರಿಗೆ ಹೇಳ್ಬೇಕು."

"ಅಯ್ಯೋ, ಅವ್ರಿಗ್ಯಾಕೆ ಈಗ? ಸುಮ್ನೆ ಇರೋ ಗಾಯ ಕೆರೆದಂಗೆ. ಅಷ್ಟಕ್ಕೂ ಆಂಟಿ, ಕಣ್ಣು ಹೇಗೂ ಹೋಗಿದೆ ಅಲ್ವಾ ಅವ್ರಿಗೆ? ಇವತ್ತಲ್ಲ ನಾಳೆ ಏನಾದ್ರೂ ಎಡವಟ್ಟು ಮಾಡೇ ಮಾಡ್ತಿದ್ರು. ನೀವು ಒಳ್ಳೇದೇ ಮಾಡಿದ್ರಿ."

ಅವನು ಕೆಟ್ಟವನಲ್ಲ. ನಾನು ಆಡಿದ ಮಾತನ್ನೇ ನನಗೆ ವಾಪಸ್ ಕೊಟ್ಟ. ಆ ಓಟದ ದಿನ ಹಾಗೆ ಹೇಳಿದವಳು ನಾನೇ. ಇವನಿಗೆ, ನಾಲ್ಕು ಗ್ಯಾರೇಜಿನವರಿಗೆ, ಅಲ್ಲಿ ಹುಲ್ಲಿನಲ್ಲಿ ನಿಂತಿದ್ದ ಎಲ್ಲರಿಗೂ ಅದು ಈಗ ಸತ್ಯವಾಗಿ ಕೂತಿತ್ತು. ಲಡ್ಡು ಮೇಜಿನ ಮೇಲೆ ಬಿಟ್ಟು ಹೋದ. ನಾನು ತಿನ್ನಲಿಲ್ಲ.

ಮರುದಿನ ಬೆಳಿಗ್ಗೆ ಎಂಟಕ್ಕೆ ಜೆಟ್ಟಿನ ಗಂಟನ್ನೂ ಗೇಜಿನ ಪೆಟ್ಟಿಗೆಯನ್ನೂ ಹಿಡಿದು ಎಸ್ಟೇಟಿನ ಗೇಟಿಗೆ ಹೋದೆ. ಶನಿವಾರ ಆ ಹೊತ್ತಿಗೆ ಗೇಟಿನ ಹತ್ತಿರ ಚಹಾ ವ್ಯಾನ್ ಬರುತ್ತದೆ, ಎಲ್ಲ ಗ್ಯಾರೇಜಿನವರೂ ಕಪ್ಪು ಹಿಡಿದು ನಿಂತಿರುತ್ತಾರೆ. ಪಕ್ಕದಲ್ಲೇ ಟೈರ್ ಅಂಗಡಿ. ಮಿಸ್ತ್ರಿ ಹೊರಗೆ ಒಂದು ವ್ಯಾನಿನ ಚಕ್ರ ಬಿಚ್ಚುತ್ತಿದ್ದ. ಅವನ ಎದುರು ನಿಂತು ಎಣ್ಣೆ ಬಟ್ಟೆ ಬಿಚ್ಚಿದೆ.

"ಜೆಟ್ಟು ನಾ ಚುಚ್ಚಿದ್ದೋ. ಪಿನ್ನಿಲೆ. ನೀ ಕೇಳಿದಾಗ ಸುಳ್ಳ ಹೇಳಿದೆ."

ಅವನು ಸ್ಪ್ಯಾನರ್ ನಿಲ್ಲಿಸಲಿಲ್ಲ. "ಗೊತ್ತದ" ಎಂದ.

"ಗೊತ್ತದ ಅಂದ್ರ?"

"ಕೀಲಿ ಕೊಡಲಿಲ್ಲಲ್ಲ. ಅವತ್ತೇ ಗೊತ್ತಾತು." ಒಂದು ನಟ್ಟು ಬಿಚ್ಚಿ ಡಬ್ಬಿಗೆ ಹಾಕಿದ. "ನನಗ ಯಾಕ ಹೇಳ್ತೀರಿ? ಅವರಿಗೆ ಹೇಳ್ರಿ. ಅವತ್ತ ಇಂಗ್ಲಿಷಿನ್ಯಾಗ ಅಂದ್ರಿ. ಇವತ್ತೂ ಇಂಗ್ಲಿಷಿನ್ಯಾಗ ಅನ್ರಿ."

ನಾನು ಚಹಾ ವ್ಯಾನಿನ ಕಡೆ ತಿರುಗಿದೆ. ಅವತ್ತಿನಷ್ಟೇ ಗಟ್ಟಿಯಾಗಿ ಹೇಳಿದೆ. ನಾಟ್ ಹಿಸ್ ಮಿಸ್ಟೇಕ್. ಮೈ ಹ್ಯಾಂಡ್, ಮೈ ಪಿನ್. ಐ ಟೆಲ್ ಲೈ. ಎಕ್ಸಾಸ್ಟ್ ಕೆಲಸ ಮಾಡುವ ಗ್ಯಾರೇಜಿನ ದಪ್ಪನೆಯವನು ಚಹಾ ಒಂದು ಗುಟುಕು ಕುಡಿದು ಕೇಳಿದ:

"ಬಟ್ ಈಸ್ ಹಿಸ್ ಐ ಬ್ಯಾಡ್ ಆರ್ ನಾಟ್, ಲವ್?"

ಇಲ್ಲ ಎಂದರೆ ಇನ್ನೊಂದು ಸುಳ್ಳು. ಎಲ್ಲರೂ ಮಿಸ್ತ್ರಿಯ ಕಡೆ ನೋಡಿದರು. ಅವನು ಎದ್ದ. ನನ್ನ ಕೈಯಿಂದ ಜೆಟ್ಟನ್ನೂ ಗೇಜಿನ ಪೆಟ್ಟಿಗೆಯನ್ನೂ ತೆಗೆದುಕೊಂಡ. ಜೆಟ್ಟಿನ ಕಡೆ ನೋಡಲೇ ಇಲ್ಲ, ಆ ದಪ್ಪನೆಯವನ ಮುಖವನ್ನೇ ನೋಡುತ್ತ ಸುಟ್ಟ ಬೆರಳುಗಳಿಂದ ಒಂದೊಂದೇ ಕಡ್ಡಿ ತಡವಿ ಹಾಕಿದ. ಮೂರನೇ ಕಡ್ಡಿ ಅಲುಗದೆ ಕೂತಿತು, ಅಲ್ಲಿಗೆ ನಿಂತ.

"ಟ್ವೆಂಟಿ ಫೋರ್" ಎಂದ. "ಆಂಡ್ ಯೆಸ್. ಲೆಫ್ಟ್ ಐ, ಬ್ಯಾಡ್."

ದಪ್ಪನೆಯವನು ಭುಜ ಕುಣಿಸಿದ. ಆಮೇಲೆ ತನ್ನ ವ್ಯಾನಿನ ಟೈರು ಎಷ್ಟು ಹೊತ್ತಿಗೆ ಆಗುತ್ತದೆ ಎಂದು ಕೇಳಿದ. ಹದಿನೈದು ನಿಮಿಷ ಎಂದು ಮಿಸ್ತ್ರಿ ಹೇಳಿ, ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟು, ಮತ್ತೆ ಚಕ್ರದ ಮುಂದೆ ಕೂತ. ವಾಪಸ್ ಬಾ ಎಂದು ನಾನು ಕರೆಯಲಿಲ್ಲ. ಕರೆಯಲು ನನಗೆ ಮುಖವಿರಲಿಲ್ಲ.

ಅಲ್ಲಿಂದ ಗ್ಯಾರೇಜಿಗೆ ಹೋಗಿ ಶಟರ್ ಎತ್ತಿದೆ. ಎಂಟೂವರೆಗೆ ಬ್ರೇಕ್ ಕೆಲಸಕ್ಕೆ ಒಂದು ಕಾರು ಬಂತು. ಹತ್ತೊಂಬತ್ತು ವರ್ಷ ಅವನು ಹಾಕುತ್ತಿದ್ದ ಜಾಕನ್ನು ಎಳೆದು ತಂದು, ಮೊಣಕಾಲೂರಿ, ನಾನೇ ಹಾಕಿದೆ.